ಬದುಕಿದ್ದ ಲೊವೆಲ್ಲರ ಬೀಳ್ಕೊಡುಗೆ

ಡೆಲ್ಬರ್ಟ್ ಟ್ವೇಟ್ ಕೊಲೆಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಆ ವಾರ ಅವನು ನಮ್ಮೂರಿನ ಒಬ್ಬ ಆರೋಗ್ಯವಂತ ಮನುಷ್ಯನನ್ನು ಸಾಯಿಸಿದ್ದು ಮಾತ್ರ ನಿಜ. ಅದೂ ವಿಶ್ವವಿದ್ಯಾಲಯದ ಬರವಣಿಗೆ ಕೇಂದ್ರದಲ್ಲಿ, ಹಾಡುಹಗಲಲ್ಲಿ, ಕೈಯಲ್ಲಿ ಒಂದು ಪೆನ್ಸಿಲ್ ಹಿಡಿದುಕೊಂಡು.

ಡೆಲ್ಬರ್ಟ್ ನಮ್ಮ ವಿಶ್ವವಿದ್ಯಾಲಯದ ವಾಹನ ನಿಲುಗಡೆ ಕಚೇರಿಯಲ್ಲಿದ್ದಾನೆ. ಎಲ್ಲೆಂದರಲ್ಲಿ ಕಾರು ನಿಲ್ಲಿಸಿದವರಿಗೆ ದಂಡದ ಚೀಟಿ ಅಂಟಿಸುವುದು ಅವನ ಕೆಲಸದ ಅರ್ಧ. ದಂಡ ಮನ್ನಾ ಮಾಡಿ ಎಂದು ಬರೆದುಕೊಂಡವರಿಗೆ ಉತ್ತರ ಕೊಡುವುದು ಉಳಿದರ್ಧ. ಉತ್ತರ ಯಾವಾಗಲೂ ಒಂದೇ: ‘ನಿಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ತಿರಸ್ಕರಿಸಲಾಗಿದೆ.’ ನಾನು ಅವನ ಪಕ್ಕದ ಮನೆಯಲ್ಲೇ ಇದ್ದೇನೆ. ಅವನು ಪರವೂರಿಗೆ ಹೋದಾಗ ಅವನ ಬೆಕ್ಕನ್ನು ನೋಡಿಕೊಂಡಿದ್ದೇನೆ, ಅವನಿಗೆ ಬೆನ್ನು ಹಿಡಿದುಕೊಂಡಾಗ ಅವನ ಮನೆ ಮುಂದಿನ ಹಿಮ ಎತ್ತಿ ಹಾಕಿದ್ದೇನೆ. ನನ್ನ ಮನವಿಯನ್ನೂ ಪರಿಶೀಲಿಸಲಾಗಿದೆ.

ಆ ಕಚೇರಿಯ ಮುಖ್ಯಸ್ಥರು ಲೊವೆಲ್ ಹಾಗ್‌ಬರ್ಗ್. ಬಹಳ ವರ್ಷಗಳಿಂದ ಇವರಿಬ್ಬರೂ ಒಂದೇ ಪುಟ್ಟ ವ್ಯಾನಿನಲ್ಲಿ ಕ್ಯಾಂಪಸ್ ಸುತ್ತುತ್ತಿದ್ದರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ‘ಹಿಮ ಬೀಳಬಹುದು’ ಎಂದು ಒಬ್ಬರು, ‘ಬೀಳಬಹುದು’ ಎಂದು ಇನ್ನೊಬ್ಬರು. ಅಮೆರಿಕದ ನಮ್ಮ ಮಿನ್ನೆಸೋಟ ರಾಜ್ಯದಲ್ಲಿ ಇದಕ್ಕೆ ಪ್ರಾಣಸ್ನೇಹ ಎನ್ನುತ್ತಾರೆ. ಮದುವೆಯಾಗದ ಡೆಲ್ಬರ್ಟನಿಗೆ ಲೋಕದಲ್ಲಿ ಇದ್ದವರು ಬೆಕ್ಕು ಮತ್ತು ಲೊವೆಲ್. ಬೆಕ್ಕಿನ ಹತ್ತಿರ ಸ್ವಲ್ಪ ಜಾಸ್ತಿ ಮಾತಾಡುತ್ತಿದ್ದ.

ಈಗ ಲೊವೆಲ್ ನಿವೃತ್ತರಾಗುತ್ತಿದ್ದರು. ಗಲಾಟೆ ಬೇಡವೆಂದು ಕಚೇರಿಯ ಮೂರು ಜನಕ್ಕೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಕೊನೆಯ ವಾರ ರಜೆ ಹಾಕಿ, ಹೆಪ್ಪುಗಟ್ಟಿದ ಸರೋವರದ ಮೇಲೆ ಎಳೆದೊಯ್ಯುವ ತಮ್ಮ ಪುಟ್ಟ ಗುಡಿಸಲು ಇಟ್ಟುಕೊಂಡು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತ ಕೂರಲು ಹೊರಟುಹೋದರು. ಅಲ್ಲಿ ಫೋನು ಹಿಡಿಯುವುದಿಲ್ಲ. ಲೊವೆಲ್ ಅಲ್ಲಿಗೆ ಹೋಗುವುದೇ ಅದಕ್ಕಾಗಿ. ಶನಿವಾರ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಕೇಕು, ನಾಲ್ಕು ಮಾತು ಎಂದು ಅವರ ಹೆಂಡತಿ ವರ್ನಾ ಏರ್ಪಾಡು ಮಾಡಿದ್ದರು. ಆ ನಾಲ್ಕು ಮಾತು ಯಾರಾಡಬೇಕು ಎಂಬ ಪ್ರಶ್ನೆ ಬಂದಾಗ ಡೆಲ್ಬರ್ಟ್ ಎದೆಯುಬ್ಬಿಸಿ, “ಬರೆಯೋದೇನು ನಂಗೆ ಹೊಸದಾ? ದಿನಾ ಅದೇ ತಾನೆ ಮಾಡೋದು” ಎಂದುಬಿಟ್ಟ.

ಮನೆಗೆ ಹೋಗಿ ಕಾಗದ ಮುಂದಿಟ್ಟುಕೊಂಡು ಕೂತಾಗ ಅವನಿಗೆ ತಿಳಿದುಬಂದ ಸತ್ಯವೇನೆಂದರೆ, ತನ್ನ ಕೈಯಿಂದ ತಿರಸ್ಕಾರ ಬಿಟ್ಟು ಬೇರೇನೂ ಬರುವುದಿಲ್ಲ. ‘ಲೊವೆಲ್ ಹಾಗ್‌ಬರ್ಗರ ಸೇವೆಯನ್ನು ಪರಿಶೀಲಿಸಲಾಗಿದೆ’ ಎಂದು ಬರೆದು ನಿಲ್ಲಿಸಿದ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ವಾಹನ ನಿಲುಗಡೆಯವರನ್ನು ಬೀಳ್ಕೊಡಲು ಯಾರು ಬರುತ್ತಾರೆ? ಲೊವೆಲ್ ಖಾಲಿ ಕುರ್ಚಿಗಳ ಮುಂದೆ ಕೇಕು ಕುಯ್ಯುವುದು ಹೇಗಿದ್ದರೂ ಖಚಿತ. ಅದರ ಮೇಲೆ ತಾನೂ ಪೆದ್ದುಪೆದ್ದಾಗಿ ಮಾತಾಡಿದರೆ ಅಷ್ಟು ವರ್ಷದ ದುಡಿಮೆಗೆ ಸಿಕ್ಕ ಮರ್ಯಾದೆ ಅದಾಗುತ್ತದೆ.

ಚೆಂದದ ಬರವಣಿಗೆ ಎಂದರೆ ಹೇಗಿರುತ್ತದೆ ಎಂದು ಮನೆಯೆಲ್ಲ ಹುಡುಕಿದ. ಅವನ ತಾಯಿ, ಪುಣ್ಯಾತ್ಗಿತ್ತಿ, ಪತ್ರಿಕೆಯಲ್ಲಿ ಬಂದ ನೆಂಟರಿಷ್ಟರ ಮರಣವಾರ್ತೆಗಳನ್ನೆಲ್ಲ ಕತ್ತರಿಸಿ ಬೈಬಲ್ಲಿನೊಳಗೆ ಇಟ್ಟುಹೋಗಿದ್ದರು. ಡೆಲ್ಬರ್ಟ್ ಅವನ್ನು ಓದಿದ. ಓದಿ ಕಣ್ಣೊರೆಸಿಕೊಂಡ. ಅದೇ ಧಾಟಿಯಲ್ಲಿ ಒಂದು ಪುಟ ಬರೆದ. ಬರೆದದ್ದು ಸರಿಯಿದೆಯೋ ಇಲ್ಲವೋ ಎಂಬ ಅಳುಕಿನಿಂದ, ಯಾರಿಗೂ ಹೇಳದೆ, ಬರವಣಿಗೆ ಕೇಂದ್ರಕ್ಕೆ ಬಂದ.

ಬರವಣಿಗೆ ಕೇಂದ್ರ ಗ್ರಂಥಾಲಯದೊಳಗೇ ಇದೆ. ಎದೆಮಟ್ಟದ ಹಲಗೆ ಅಡ್ಡವಿಟ್ಟು ಮಾಡಿದ ನಾಲ್ಕು ಗೂಡುಗಳು. ನಾನು ಪುಸ್ತಕ ಕೊಡುವ ಮೇಜು ಅದರ ಎದುರಿಗೇ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಹಿಂಬಾಗಿಲಿನಿಂದ ಬಂದ ಡೆಲ್ಬರ್ಟ್ ನನ್ನನ್ನು ಕಂಡು ಬೆಚ್ಚಿದ.

“ಬೆಂಕಿ ಬಿದ್ರೆ ಓಡೋ ಬಾಗಿಲು ಎಲ್ಲೆಲ್ಲಿದೆ ಅಂತ ನೋಡೋಕೆ ಬಂದೆ” ಎಂದ.

“ಈ ಕಡೆ ಒಂದಿದೆ” ಎಂದು ತೋರಿಸಿದೆ. ಪಾಪ, ಆ ಕಡೆ ಹೋಗಿ ಬಾಗಿಲನ್ನು ಸವರಿ ನೋಡಿ, ಒಂದು ಸುತ್ತು ಹಾಕಿಕೊಂಡು ಗೂಡಿನೊಳಗೆ ನುಸುಳಿದ.

ಅಲ್ಲಿದ್ದ ಸಲಹೆಗಾರ್ತಿ ಮಾಯಿ ವಾಂಗ್, ಪಿಎಚ್.ಡಿ. ಮಾಡುತ್ತಿದ್ದ, ಲಾವೋಸ್ ಕಡೆಯಿಂದ ವಲಸೆ ಬಂದ ಹ್ಮಾಂಗ್ ಜನಾಂಗದ ಹೆಂಗಸು. ತನ್ನ ಕಸುಬಿನಲ್ಲಿ ಬಹಳ ಕಟ್ಟುನಿಟ್ಟು. ಆ ಕೇಂದ್ರದಲ್ಲಿ ಕೆಲವು ಆಚಾರಗಳಿವೆ, ಮಠದಲ್ಲಿದ್ದ ಹಾಗೆ. ಬರೆದವನು ತಾನು ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಬೇಕು. ಪೆನ್ಸಿಲ್ ಅವನ ಕೈಯಲ್ಲೇ ಇರಬೇಕು. ಸಲಹೆಗಾರರು ಅದನ್ನು ಮುಟ್ಟಬಾರದು. ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಾರದು. ಕೇಳಬಹುದಾದದ್ದು ಪ್ರಶ್ನೆ ಮಾತ್ರ, ಅದೂ ಮೆಲ್ಲಗೆ, ಬರೆದವನು ತಾನಾಗಿಯೇ ತನ್ನ ತಪ್ಪನ್ನು ಕಂಡುಕೊಳ್ಳುವ ಹಾಗೆ. ತಪ್ಪನ್ನು ಕಂಡುಕೊಳ್ಳುವ ಶಕ್ತಿ ಡೆಲ್ಬರ್ಟನಿಗೆ ದೇವರು ಕೊಟ್ಟಿರಲಿಲ್ಲ.

“ಇದು ಯಾವುದಕ್ಕೆ ಬರೆದಿದ್ದು ಅಂತ ಹೇಳ್ತೀರಾ?” ಎಂದು ಮಾಯಿ ಕೇಳಿದಳು.

“ಒಂದು ಕಾರ್ಯಕ್ರಮ ಇದೆ. ನನ್ನ ಸ್ನೇಹಿತರದ್ದು. ಶನಿವಾರ, ಚರ್ಚಿನ ನೆಲಮಾಳಿಗೇಲಿ.” ಬೀಳ್ಕೊಡುಗೆ ಎಂದುಬಿಟ್ಟರೆ ನಿವೃತ್ತಿಯ ಗುಟ್ಟು ರಟ್ಟಾಗುತ್ತದೆ ಎಂದು ಅಲ್ಲಿಗೇ ನಿಲ್ಲಿಸಿದ.

“ಸರಿ. ಓದಿ.”

ಡೆಲ್ಬರ್ಟ್ ಗಂಟಲು ಸರಿಮಾಡಿಕೊಂಡು ಓದಿದ. ಅವನದು ದೊಡ್ಡ ದನಿ. ವ್ಯಾನಿನಿಂದ ಕೂಗಿ ಕೂಗಿ ಬಂದದ್ದು. “ಲೊವೆಲ್ ಹಾಗ್‌ಬರ್ಗ್ ಇನ್ನು ನಮ್ಮೊಡನಿಲ್ಲ. ಅವರ ಕುರ್ಚಿ ಬರಿದಾಗಿದೆ. ಅವರ ಕೀಲಿಗೊಂಚಲು ಮೊಳೆಯಲ್ಲಿ ಮೌನವಾಗಿ ನೇತಾಡುತ್ತಿದೆ. ಇಡೀ ಬಾಳು ಗೆರೆಗಳ ನಡುವೆ ದುಡಿದ ಆ ಜೀವ ಈಗ ಗೆರೆಗಳೇ ಇಲ್ಲದ, ಬಿಳಿಯ, ಪ್ರಶಾಂತವಾದ ಬಯಲನ್ನು ಸೇರಿದೆ.” ಗೆರೆ ಎಂದರೆ ಕಾರು ನಿಲ್ಲಿಸುವ ಗೆರೆ, ಬಯಲು ಎಂದರೆ ಹೆಪ್ಪುಗಟ್ಟಿದ ಸರೋವರ. ಬರೆದಾಗ ಅವನಿಗೆ ಬಹಳ ಹೆಮ್ಮೆಯಾಗಿತ್ತು.

ಮಾಯಿ ಮೂಗೊರೆಸುವ ಕಾಗದದ ಡಬ್ಬಿಯನ್ನು ಮೆಲ್ಲಗೆ ಅವನ ಕಡೆ ಸರಿಸಿದಳು. ಡೆಲ್ಬರ್ಟನಿಗೆ ನೆಗಡಿಯಾಗಿತ್ತು. ಎರಡು ಹಾಳೆ ಎಳೆದುಕೊಂಡು ಜೋರಾಗಿ ಸೀನಿದ.

“ಕೇಳಿದೋರಿಗೆ ಏನನ್ನಿಸ್ಬೇಕು ಅಂತ ನಿಮ್ಮ ಆಸೆ?” ಎಂದು ದನಿ ತಗ್ಗಿಸಿ ಕೇಳಿದಳು.

“ಅಳು ಬಂದ್ರೆ ಒಳ್ಳೇದು” ಎಂದ ಡೆಲ್ಬರ್ಟ್.

ಪಕ್ಕದ ಗೂಡಿನಲ್ಲಿ ಆಗಲೇ ಒಬ್ಬರಿಗೆ ಬಂದಿತ್ತು. ಅವರು ಆರ್ಡಿಸ್ ಸ್ಟೆನ್ಸ್‌ರುಡ್, ಹಿರಿಯ ನಾಗರಿಕರ ರಿಯಾಯಿತಿಯಲ್ಲಿ ಇತಿಹಾಸದ ತರಗತಿಗೆ ಸೇರಿಕೊಂಡಿದ್ದವರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆರ್ಡಿಸ್ ಚರ್ಚಿನ ಅಡುಗೆಮನೆಯ ಯಜಮಾನಿ. ಊರಿನಲ್ಲಿ ಯಾರಾದರೂ ಸತ್ತರೆ ಯಾರ ಮನೆಯಿಂದ ಯಾವ ಹಾಟ್‌ಡಿಶ್ ಹೋಗಬೇಕು ಎಂದು ಗೊತ್ತುಮಾಡುವವರು ಅವರೇ. ಹಾಟ್‌ಡಿಶ್ ಎಂದರೆ ಮಾಂಸವನ್ನೋ ಟ್ಯೂನಾ ಮೀನನ್ನೋ ಡಬ್ಬಿ ಸೂಪಿನಲ್ಲಿ ಕಲಸಿ, ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಅಗಲ ಪಾತ್ರೆ. ನಾವು ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಅದರಲ್ಲಿ ಹಾಕಿ ಬೇಯಿಸುತ್ತೇವೆ.

ಆರ್ಡಿಸ್ ಕಣ್ಣೊರೆಸಿಕೊಳ್ಳುತ್ತ ನನ್ನ ಮೇಜಿಗೆ ಬಂದರು. “ಲೊವೆಲ್ ಹಾಗ್‌ಬರ್ಗ್…” ಎಂದರು.

“ನಂಗೂ ಕೇಳಿಸ್ತು” ಎಂದೆ.

“ವರ್ನಾ ಮೊನ್ನೆ ಫೋನ್ ಮಾಡಿ ಶನಿವಾರಕ್ಕೆ ನೆಲಮಾಳಿಗೆ ಬೇಕು ಅಂದ್ಲು ಕಣ್ರೀ. ಯಾಕೆ ಅಂತ ನಾನೂ ಕೇಳ್ಲಿಲ್ಲ. ಈಗ ನೋಡಿದ್ರೆ ಇದು. ಎಂಥ ಗಟ್ಟಿ ಹೆಂಗಸು! ದನೀಲಿ ಒಂಚೂರೂ ಗೊತ್ತಾಗ್ಲಿಲ್ಲ.”

ಡೆಲ್ಬರ್ಟ್ ಪಕ್ಕದಲ್ಲೇ ಇದ್ದ. ಅವನನ್ನು ಒಂದು ಮಾತು ಕೇಳಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ದುಃಖದಲ್ಲಿದ್ದವರನ್ನು ನೇರವಾಗಿ ಪ್ರಶ್ನೆ ಕೇಳುವಷ್ಟು ಕೆಟ್ಟವರಲ್ಲ ನಾವು. ಸಂಜೆಯೊಳಗೆ ಊರಿನ ಒಲೆಗಳೆಲ್ಲ ಉರಿಯುತ್ತಿದ್ದವು.

ನಾನೂ ಒಂದು ಪಾತ್ರೆ ಹೊತ್ತುಕೊಂಡು ಹೋದೆ. ಪಾತ್ರೆ ವಾಪಸು ಬರಲೆಂದು ತಳಕ್ಕೆ ಹೆಸರಿನ ಪಟ್ಟಿ ಅಂಟಿಸಿದ್ದೆ. ವರ್ನಾ ಬಾಗಿಲು ತೆಗೆದಾಗ ಅವರ ಮುಖದ ಕಳೆ ಕಂಡು ನನಗೆ ಅಚ್ಚರಿಯಾಯಿತು.

“ಸುದ್ದಿ ತಿಳೀತು” ಎಂದೆ.

“ಹೋ, ನಿಮಗೂ ತಿಳೀತಾ? ಗುಟ್ಟು ಗುಟ್ಟು ಅಂತಿದ್ರು ಪಾಪ. ಅಡುಗೆಮನೇಲಿ ಇಡಿ. ಆಗ್ಲೇ ಒಂಬತ್ತೋ ಹತ್ತೋ ಬಂದಿವೆ. ಶನಿವಾರಕ್ಕೆ ಅಂತ ಎಲ್ರೂ ಇಷ್ಟು ಮುತುವರ್ಜಿ ಮಾಡ್ತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ.”

“ನೀವು ಹೇಗಿದ್ದೀರಿ ವರ್ನಾ?”

“ಈ ವಾರ ಹಾಯಾಗಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಮನೆ ಎಷ್ಟು ನಿಶ್ಶಬ್ದವಾಗಿದೆ ನೋಡಿ! ಆದ್ರೆ ಮುಂದಿಂದು ನೆನೆಸ್ಕೊಂಡ್ರೆ ಎದೆ ಝಲ್ ಅನ್ನತ್ತೆ.”

“ಅವ್ರನ್ನ… ಎಲ್ಲಿ…” ಎಂದೆ. ಚಳಿಗಾಲದಲ್ಲಿ ನಮ್ಮ ಕಡೆ ನೆಲ ಕಲ್ಲಾಗಿಬಿಡುತ್ತದೆ. ಗುಂಡಿ ತೋಡಬೇಕಾದರೆ ವಸಂತ ಬರಬೇಕು.

“ಗ್ಯಾರೇಜಲ್ಲಿ ಇಡೋಣ ಅಂತಿದ್ದೀನಿ” ಎಂದರು ವರ್ನಾ ಉತ್ಸಾಹದಿಂದ. “ಒಂದು ಹೀಟರ್ ಹಾಕಿಸ್ತೀನಿ. ಒಂದು ಕುರ್ಚಿ, ಒಂದು ರೇಡಿಯೋ. ಊಟದ ಹೊತ್ತಿಗೆ ಒಳಗೆ ಕರೆದ್ರಾಯ್ತು.”

ನಾನು ಪಾತ್ರೆ ಇಟ್ಟವನೇ ಹೊರಟುಬಂದೆ. ದಾರಿಯಲ್ಲಿ ಪಾದ್ರಿ ಕ್ವಾಮ್ ಸಿಕ್ಕಿದರು. ತಮ್ಮ ಚರ್ಚಿನವರೊಬ್ಬರು ತಮಗೆ ಹೇಳದೆಯೇ ತೀರಿಹೋದರಲ್ಲ ಎಂದು ಅವರಿಗೆ ಬಹಳ ನೋವಾಗಿತ್ತು. ಅವರೂ ಒಳಗೆ ಹೋದರು, ಬೇಗನೆ ಹೊರಗೆ ಬಂದರು.

“ಶನಿವಾರ ನಾನು ಎರಡು ಮಾತು ಹೇಳ್ಲಾ ಅಂದೆ. ಬೇಡ, ಡೆಲ್ಬರ್ಟ್ ಹೇಳ್ತಾನೆ ಅಂದ್ಲು. ಪ್ರಾರ್ಥನೆ ಅಂದೆ. ಕೇಕು ಕುಯ್ಯೋಕೆ ಮುಂಚೆ ಚಿಕ್ಕದಾಗಿ ಮುಗಿಸ್ಬಿಡಿ ಅಂದ್ಲು.” ಪಾದ್ರಿಗಳು ಟೋಪಿ ತೆಗೆದು ತಲೆ ಕೆರೆದುಕೊಂಡರು. “ದುಃಖ ಒಬ್ಬೊಬ್ರಲ್ಲಿ ಒಂದೊಂದು ಥರ.”

ಇತ್ತ ಕ್ಯಾಂಪಸ್ಸಿನಲ್ಲಿ ಲೊವೆಲ್ ಕಾರು ನಿಲ್ಲಿಸುತ್ತಿದ್ದ ಜಾಗದಲ್ಲಿ ಯಾರೋ ಹೂವಿಟ್ಟರು. ಇನ್ನೊಬ್ಬರು ಇನ್ನಷ್ಟು ಇಟ್ಟರು. ಡೆಲ್ಬರ್ಟ್ ವ್ಯಾನು ನಿಲ್ಲಿಸಿ ನೋಡಿದ. ನಿವೃತ್ತಿಯ ಸುದ್ದಿ ಹೇಗೋ ಹಬ್ಬಿದೆ, ಜನ ಲೊವೆಲ್ಲನನ್ನು ಇಷ್ಟು ಪ್ರೀತಿಸುತ್ತಾರೆ ಎಂದುಕೊಂಡು ಅವನ ಕಣ್ಣು ಒದ್ದೆಯಾಯಿತು. ಹೂವು ಇಟ್ಟವರೆಲ್ಲ ಗೆರೆಯೊಳಗೇ ಇಟ್ಟಿದ್ದನ್ನು ಗಮನಿಸಿ ಇನ್ನೂ ಸಂತೋಷಪಟ್ಟ.

ಅಲ್ಲಿ ಅವನಿಗೆ ರಸಾಯನಶಾಸ್ತ್ರದ ಪ್ರೊಫೆಸರ್ ಹಾರ್ಲನ್ ಪೀಟ್ ಎದುರಾದರು. ಹಿಂದೊಮ್ಮೆ ತಮ್ಮ ಕಾರನ್ನು ಎಳೆದುಕೊಂಡು ಹೋದರೆಂದು ಇಡೀ ಕ್ಯಾಂಪಸ್ಸಿಗೆ ಕೇಳುವ ಹಾಗೆ ಲೊವೆಲ್ಲರಿಗೆ ಬೈದಿದ್ದವರು ಇವರೇ.

“ನಾನು ಅವ್ರಿಗೆ ಹಾಗೆಲ್ಲ ಅನ್ನಬಾರದಾಗಿತ್ತು, ಡೆಲ್ಬರ್ಟ್.”

“ಪರ್ವಾಗಿಲ್ಲ ಬಿಡಿ ಸಾರ್. ಎಲ್ರೂ ಅಂತಾರೆ.”

“ಒಂದ್ಸಲ ಕ್ಷಮೆ ಕೇಳ್ಬೇಕಿತ್ತು. ಈಗ ಕಾಲ ಮೀರೋಯ್ತು.”

“ಏನು ಮೀರೋಯ್ತು? ಶನಿವಾರ ಬನ್ನಿ, ಎದುರಿಗೇ ನಿಂತು ಹೇಳಿ.”

“ಅವ್ರಿಗೆ ಕೇಳಿಸತ್ತೆ ಅಂತೀರಾ?” ಎಂದರು ಪ್ರೊಫೆಸರ್.

“ಎಡಗಿವಿ ಸ್ವಲ್ಪ ಮಂದ. ಬಲಗಡೆ ನಿಂತ್ಕೊಂಡು ಜೋರಾಗಿ ಹೇಳಿ.”

ದೇವರನ್ನೇ ನಂಬದ ಹಾರ್ಲನ್ ಪೀಟ್ ಆ ದಿನ ತರಗತಿಗೆ ಹೋಗದೆ ಮನೆಗೆ ಹೋದರಂತೆ. ಡೆಲ್ಬರ್ಟನಂಥ ಸಾಮಾನ್ಯನಲ್ಲಿ ಅಷ್ಟು ಗಟ್ಟಿ ನಂಬಿಕೆ ಕಂಡು ತಮಗೆ ನಾಚಿಕೆಯಾಯಿತು ಎಂದು ಸಿಕ್ಕವರಿಗೆಲ್ಲ ಹೇಳಿದರು.

ಹೀಗೆ ಡೆಲ್ಬರ್ಟನ ಹೆಸರು ಬೆಳೆಯಿತು. ಎಂದೂ ಅವನ ಮುಖ ನೋಡದವರು ಹತ್ತಿರ ಬಂದು, “ನೀವು ಬರೆದಿದ್ದನ್ನ ಆರ್ಡಿಸ್ ಕೇಳಿದ್ರಂತೆ, ಕಣ್ಣಲ್ಲಿ ನೀರು ಬಂತಂತೆ” ಎಂದರು. ಒಬ್ಬರು ಭುಜ ಕೂಡ ಮುಟ್ಟಿದರು. ನಮ್ಮೂರಲ್ಲಿ ಭುಜ ಮುಟ್ಟುವುದೆಂದರೆ ಬೇರೆ ಕಡೆ ಆನೆ ಮೇಲೆ ಮೆರವಣಿಗೆ ಮಾಡಿದ ಹಾಗೆ. ಅವನ ನಡಿಗೆಯೇ ಬದಲಾಯಿತು. ನನ್ನ ಮೇಜಿಗೆ ಬಂದು, ಹೆಬ್ಬೆರಳನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು, “ಬರವಣಿಗೆ ಅನ್ನೋದು ಕಲಿತು ಬರೋದಲ್ಲಪ್ಪ. ಒಳಗಿಂದ ಬರ್ಬೇಕು” ಎಂದ. ಈ ಸಲ ಮುಂಬಾಗಿಲಿನಿಂದಲೇ ಬಂದಿದ್ದ.

ಅದು ಗುರುವಾರ, ಮಾಯಿಯ ಜೊತೆ ಅವನ ಎರಡನೇ ಭೇಟಿ. ಗೂಡುಗಳೆಲ್ಲ ತುಂಬಿದ್ದವು. ಡೆಲ್ಬರ್ಟ್ ಮತ್ತೊಮ್ಮೆ ಗಟ್ಟಿಯಾಗಿ ಓದಿದ. ಸುತ್ತಲಿನ ಗೂಡುಗಳು ತಮ್ಮ ಕೆಲಸ ನಿಲ್ಲಿಸಿ ಕೇಳಿದವು.

“ಕೊನೆಯ ದಿನಗಳ ಬಗ್ಗೆ ಏನೂ ಬರೆದಿಲ್ಲ ನೀವು” ಎಂದಳು ಮಾಯಿ. “ಬೇಕಂತಲೇ ಬಿಟ್ರಾ?”

“ಬರೆಯೋಕೇನಿದೆ? ಟ್ರಕ್ಕಿಗೆ ಗುಡಿಸಲು ಕಟ್ಕೊಂಡು ಸರೋವರದ ಮೇಲೆ ಹೋದ.”

“ಅಯ್ಯೋ! ಮಂಜುಗಡ್ಡೆ ಒಡೀತಾ?”

“ಒಡೀದೆ ಹೇಗೆ? ಒಡೆದು ತೂತು ಮಾಡೋದಕ್ಕೇ ಅಲ್ವಾ ಹೋಗೋದು.”

“ಸಿಕ್ಕಿದ್ರಾ?” ಎಂದಳು ಮಾಯಿ.

“ಮೀನಾ? ಗೊತ್ತಿಲ್ಲ. ನಾಳೆ ಬಂದ್ಮೇಲೆ ಕೇಳ್ಬೇಕು.”

“ಯಾರು ಬಂದ್ಮೇಲೆ?”

“ಲೊವೆಲ್.”

ಅವಳು ಅವನನ್ನೇ ನೋಡಿದಳು. ದುಃಖ ತಲೆಗೇರಿದವರ ಹತ್ತಿರ ಹೇಗೆ ಮಾತಾಡಬೇಕೆಂದು ಅವಳಿಗೂ ತರಬೇತಿಯಾಗಿತ್ತು. “ಅವರು ವಾಪಸ್ ಬರ್ತಾರೆ ಅಂತ ನಿಮಗೆ ಅನ್ನಿಸ್ತಾ ಇದೆಯಾ?”

“ಅನ್ನಿಸೋದೇನು ಬಂತು? ಶನಿವಾರ ಅವನೇ ಇಲ್ದಿದ್ರೆ ಕೇಕು ಕುಯ್ಯೋರು ಯಾರು?”

ಆಗ ಮಾಯಿ ವಾಂಗ್ ಆ ಕೇಂದ್ರದಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಮುಂದಕ್ಕೆ ಬಾಗಿ ಡೆಲ್ಬರ್ಟನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು. ಮೆಲ್ಲಗೆ ಕೇಳಬೇಕೆಂಬ ನಿಯಮವನ್ನೂ ಮರೆತು, ನೇರವಾಗಿ, ಗಟ್ಟಿಯಾಗಿ ಕೇಳಿದಳು: “ಮಿಸ್ಟರ್ ಟ್ವೇಟ್, ಲೊವೆಲ್ ಹಾಗ್‌ಬರ್ಗ್ ಸತ್ತಿದ್ದಾರೋ, ಬದುಕಿದ್ದಾರೋ?”

ಸುತ್ತಲಿನ ಗೂಡುಗಳ ಹಲಗೆಯ ಮೇಲೆ ಒಂದೊಂದೇ ತಲೆ ಎದ್ದಿತು.

“ಬದುಕಿದ್ದಾನೆ” ಎಂದ ಡೆಲ್ಬರ್ಟ್. “ನಿವೃತ್ತಿ ಆಗ್ತಿದ್ದಾನೆ.” ಹೇಳುತ್ತ ಹೇಳುತ್ತ ಅವನಿಗೆ ಹೂವುಗಳು ನೆನಪಾಗಿರಬೇಕು, ಪ್ರೊಫೆಸರ್ ನೆನಪಾಗಿರಬೇಕು, ಭುಜ ಮುಟ್ಟಿದವರು ನೆನಪಾಗಿರಬೇಕು. ಮೊದಲು ಕಿವಿ ಕೆಂಪಾಯಿತು. ಆಮೇಲೆ ಕುತ್ತಿಗೆ. ಕೊನೆಗೆ ಬೋಳುತಲೆಯೂ ಕೆಂಪಾಗಿ, ಮನುಷ್ಯ ಮೂಗೊರೆಸುವ ಕಾಗದದ ಹಾಳೆಯೊಂದನ್ನು ಮುಖದ ಮೇಲೆ ಹರಡಿಕೊಂಡು ಕೂತ. ನಾಚಿಕೆಯಿಂದ ಸಾಯುವುದು ಎನ್ನುತ್ತಾರಲ್ಲ, ಆ ಗಳಿಗೆಯಲ್ಲಿ ಅವನಿಗೆ ಅದು ಸಾಧ್ಯವಾಗಿದ್ದರೆ ಖುಷಿಯಿಂದ ಸಾಯುತ್ತಿದ್ದ. ಹಾಟ್‌ಡಿಶ್‌ಗಳಾದರೂ ಸಾರ್ಥಕವಾಗುತ್ತಿದ್ದವು.

ಟೋಪಿ ಎಳೆದುಕೊಂಡು ಹಿಂಬಾಗಿಲಿಂದ ಹೋದವನು ನೇರ ಆರ್ಡಿಸ್ ಮನೆಗೆ ಹೋದ. ತಾನೊಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋಗಿದ್ದ.

“ಆರ್ಡಿಸ್, ಒಂದು ಸಣ್ಣ ತಿದ್ದುಪಡಿ ಇದೆ” ಎಂದು ಶುರುಮಾಡಿ, ಹವಾಮಾನದ ಬಗ್ಗೆ ಎರಡು ಮಾತಾಡಿ, ಕೊನೆಗೆ ವಿಷಯ ಹೇಳಿದ.

ಆರ್ಡಿಸ್ ಕುರ್ಚಿ ಹಿಡಿದುಕೊಂಡರು. “ಬದುಕಿದ್ದಾರಾ? ಪೂರ್ತಿನಾ?”

“ಪೂರ್ತಿ.”

“ಸಾವಿನೂಟಕ್ಕೆ ಅಂತ ಹಂದಿ ಹ್ಯಾಮ್ ತರಿಸಿಬಿಟ್ಟಿದ್ದೀನಲ್ಲೋ! ನೂರೈವತ್ತು ಜನಕ್ಕೆ! ಹಾಡೋರಿಗೆ ಹೇಳಿದ್ದೀನಿ. ಡುಲೂತಿಂದ ಲೊವೆಲ್ಲನ ಚಿಕ್ಕಪ್ಪನ ಮಗ ಹೊರಟಾಗಿದೆ.” ಸ್ವಲ್ಪ ಸುಧಾರಿಸಿಕೊಂಡು, “ಬದುಕಿರೋದು ಒಳ್ಳೇದೇ, ಇಲ್ಲ ಅನ್ನಲ್ಲ” ಎಂದರು. “ಆದ್ರೆ ಊರಿಗೆಲ್ಲ ಸತ್ರು ಅಂದೋಳು ನಾನು. ಇಲ್ಲ ಅನ್ನೋ ಕೆಲಸ ನಿಂದು. ಅಗೋ ಫೋನು, ಮಾಡು.”

ಡೆಲ್ಬರ್ಟ್ ಫೋನು ಹಿಡಿದ. ಮೊದಲ ಕರೆ ಪಾದ್ರಿಗಳಿಗೆ. ಬೆವರಿದ. “ಲೊವೆಲ್ ವಿಷಯ ಪಾದ್ರಿಗಳೇ… ಏನಿಲ್ಲ… ಈಗ ಸ್ವಲ್ಪ ವಾಸಿ” ಎಂದು ಇಟ್ಟುಬಿಟ್ಟ.

“ಸ್ವಲ್ಪ ವಾಸಿಯಾ!” ಎಂದರು ಆರ್ಡಿಸ್.

ಎರಡನೇ ಕರೆಯಲ್ಲಿ “ನೀವಂದ್ಕೊಂಡಷ್ಟು ಸೀರಿಯಸ್ ಏನಿಲ್ಲ” ಎಂದ. ಮೂರನೆಯದರಲ್ಲಿ ಆ ಕಡೆಯವರು ಅಳತೊಡಗಿದ್ದರಿಂದ ತಾನೂ ಸಂತಾಪ ಹೇಳಿ ಇಟ್ಟ. ಆಮೇಲೆ ಆರ್ಡಿಸ್ ಅವನ ಕೈಯಿಂದ ಫೋನು ಕಸಿದುಕೊಂಡರು. ಆದರೆ ಊರು ಅಷ್ಟರಲ್ಲಿ ಮೂರು ಪಂಗಡವಾಗಿತ್ತು: ಸತ್ತರು ಎನ್ನುವವರು, ಸತ್ತಿಲ್ಲ ಎನ್ನುವವ‌ರು, ಸತ್ತಿದ್ದರು ಆದರೆ ಈಗ ವಾಸಿ ಎನ್ನುವವರು.

ಶುಕ್ರವಾರ ಲೊವೆಲ್ ಊರಿಗೆ ಬಂದರು. ಪೆಟ್ರೋಲ್ ಹಾಕಿಸುತ್ತ ನಿಂತಿದ್ದಾಗ ಪ್ರೊಫೆಸರ್ ಪೀಟ್ ಅವರನ್ನು ಕಂಡರು. ಕಂಡವರು ಬಿಳಿಚಿಕೊಂಡು, ಬಳಸಿ ಬಂದು ಬಲಗಡೆ ನಿಂತು, “ನನ್ನನ್ನು ಕ್ಷಮಿಸಿ!” ಎಂದು ಕಿವಿಗೆ ಕಿರುಚಿ, ಉತ್ತರಕ್ಕೂ ಕಾಯದೆ ಕಾರು ಹತ್ತಿ ಓಡಿಹೋದರು. ಲೊವೆಲ್ ಮನೆಗೆ ಬಂದು ನೋಡಿದರೆ ಫ್ರಿಜ್ಜಿನ ತುಂಬ, ಗ್ಯಾರೇಜಿನ ತುಂಬ ಹಾಟ್‌ಡಿಶ್. ಒಂದರ ಮೇಲೆ ‘ದೇವರ ಮಡಿಲಲ್ಲಿ ವಿಶ್ರಮಿಸಿ’ ಎಂದು ಬರೆದ ಚೀಟಿಯಿತ್ತು. ವರ್ನಾ ಅದನ್ನು ನಿವೃತ್ತಿಯ ಶುಭಾಶಯ ಎಂದುಕೊಂಡಿದ್ದರು.

ಸಂಜೆ ಡೆಲ್ಬರ್ಟ್ ಅವರ ಮನೆ ಮುಂದೆ ಹೋಗಿ ನಿಂತ. ಲೊವೆಲ್ ಸಲಿಕೆ ಹಿಡಿದು ಹಿಮ ಎತ್ತಿಹಾಕುತ್ತಿದ್ದರು. ಡೆಲ್ಬರ್ಟ್ ಬಹಳ ಹೊತ್ತು ಆ ಹಿಮವನ್ನೇ ನೋಡಿದ.

“ನಾನು ನಿನ್ನನ್ನ ಸಾಯಿಸ್ಬಿಟ್ಟೆ ಅನ್ಸತ್ತೆ, ಲೊವೆಲ್.”

“ಗೊತ್ತಾಯ್ತು.”

“ನಾಚಿಕೆ ಆಗ್ತಿದೆ ಮಾರಾಯ. ನಿಂಗೊಂದು ಮರ್ಯಾದೆ ಸಿಗ್ಲಿ ಅಂತ ಬರೆಯೋಕೆ ಹೋದೆ. ಊರಿಗೆ ಊರೇ ನಗೋ ಹಾಗೆ ಮಾಡ್ದೆ.”

ಲೊವೆಲ್ ಇನ್ನೆರಡು ಸಲಿಕೆ ಹಿಮ ಎತ್ತಿದರು. “ಟ್ಯೂನಾ ಸ್ವಲ್ಪ ಜಾಸ್ತಿ ಬಂದಿದೆ. ಹೋಗ್ತಾ ಎರಡು ಪಾತ್ರೆ ತಗೊಂಡ್ಹೋಗು.”

“ನಾಳೆಗೆ ಬೇರೆ ಬರೀತೀನಿ.”

“ಬೇಡ. ಅದನ್ನೇ ಓದು” ಎಂದರು ಲೊವೆಲ್. “ಜನ ಅದಕ್ಕೇ ಬರ್ತಿರೋದು.”

ಜನ ಬಂದರು. ನೆಲಮಾಳಿಗೆಯಲ್ಲಿ ಕೂರಲು ಜಾಗವಿಲ್ಲದೆ ಮೆಟ್ಟಿಲ ಮೇಲೆಲ್ಲ ನಿಂತರು. ಪಶ್ಚಾತ್ತಾಪಪಟ್ಟವರು, ಹ್ಯಾಮ್ ಹಾಳಾಗಬಾರದೆಂದು ಬಂದವರು, ಸತ್ತು ವಾಸಿಯಾದವರನ್ನು ನೋಡಲು ಬಂದವರು. ಅರ್ಧಕ್ಕರ್ಧ ಜನ ಕಪ್ಪು ಬಟ್ಟೆಯಲ್ಲೇ ಇದ್ದರು, ಇಸ್ತ್ರಿ ಮಾಡಿಸಿದ್ದಾಗಿತ್ತು. ಡುಲೂತಿನ ದಾಯಾದಿ ಮುಂದಿನ ಸಾಲಿನಲ್ಲಿ ಕೂತು ಲೊವೆಲ್ಲರನ್ನು ಕೊಂಚ ಅಸಮಾಧಾನದಿಂದ ನೋಡುತ್ತಿದ್ದ. ಅಷ್ಟು ದೂರ ಹಿಮದಲ್ಲಿ ಬಂದಿದ್ದ ಪಾಪ. ಮಾಯಿ ವಾಂಗ್ ಹಿಂದಿನ ಗೋಡೆಗೆ ಒರಗಿ ನಿಂತಿದ್ದಳು.

ಪಾದ್ರಿಗಳು ಕೇಕಿನ ಮುಂದೆ ಚಿಕ್ಕದಾಗಿ ಪ್ರಾರ್ಥನೆ ಮುಗಿಸಿದರು. ಯಾವ ಪ್ರಾರ್ಥನೆ ಎಂದು ಅವರಿಗೂ ಸ್ಪಷ್ಟವಿರಲಿಲ್ಲ. ಡೆಲ್ಬರ್ಟ್ ಎದ್ದು ನಿಂತ. ಮಡಿಸಿದ್ದ ಕಾಗದ ಬಿಚ್ಚಿದ.

“ಲೊವೆಲ್ ಹಾಗ್‌ಬರ್ಗ್ ಇನ್ನು ನಮ್ಮೊಡನಿಲ್ಲ” ಎಂದು ಓದಿದ.

ಯಾರೋ ಕಿಸಕ್ಕೆಂದರು. ಒಬ್ಬರಿಂದ ಇನ್ನೊಬ್ಬರಿಗೆ ಹತ್ತಿ ಹಿಂದಿನ ಸಾಲುಗಳೆಲ್ಲ ನಗತೊಡಗಿದವು. ಲೊವೆಲ್ ಮಾತ್ರ ನಗಲಿಲ್ಲ. ಬಲಗಿವಿಯನ್ನು ಮುಂದೆ ಮಾಡಿಕೊಂಡು ಕೇಳುತ್ತಿದ್ದರು.

“ಅವರ ಕುರ್ಚಿ ಬರಿದಾಗಿದೆ” ಎಂದು ಓದಿ ಡೆಲ್ಬರ್ಟ್ ನಿಂತುಬಿಟ್ಟ. ಅವನ ಕಿವಿ ಕೆಂಪಾಗುವುದನ್ನು ಮೂರನೇ ಸಾಲಿನಿಂದಲೇ ಕಂಡೆ. ಕೂತುಬಿಡುತ್ತಾನೆ, ಇಲ್ಲವೇ ಓಡಿಹೋಗುತ್ತಾನೆ ಎಂದುಕೊಂಡೆ. ಆ ನಗುವಿಗೆ ಲೊವೆಲ್ಲರ ತಲೆಯೂ ತಗ್ಗತೊಡಗಿತ್ತು.

ಆಗ ಹಿಂದಿನ ಗೋಡೆಯ ಕಡೆಯಿಂದ ಒಂದು ಹೆಣ್ಣುದನಿ ಕೇಳಿತು. “ಮಿಸ್ಟರ್ ಟ್ವೇಟ್, ಆ ಕಡೆ ಇಡಿ ಕಾಗದ. ನಿಜವಾಗಿ ಏನು ಹೇಳ್ಬೇಕು ಅಂತಿದ್ರಿ ನೀವು?”

ಡೆಲ್ಬರ್ಟ್ ಕಾಗದ ಕೆಳಗಿಟ್ಟ. ಲೊವೆಲ್ಲರನ್ನು ನೋಡಲಾಗದೆ ಕೇಕನ್ನು ನೋಡುತ್ತ ಹೇಳಿದ: “ಸೋಮವಾರದಿಂದ ವ್ಯಾನಲ್ಲಿ ನಾನೊಬ್ನೇ. ಪಕ್ಕದ ಸೀಟು ನೋಡೋಕಾಗಲ್ಲ ನನ್ಕೈಲಿ. ಯಾರೋ ಹೋಗ್ಬಿಟ್ಟಂಗೇ ಅನ್ನಿಸ್ತು. ಅದಕ್ಕೇ ಹಂಗೆ ಬರೆದೆ.”

ನಗು ನಿಂತಿತು. ಬದುಕಿದ್ದವನನ್ನು ಸತ್ತನೆಂದದ್ದನ್ನು ನಮ್ಮೂರು ಕ್ಷಮಿಸೀತು. ಆದರೆ ಒಬ್ಬ ಗಂಡಸು ಮನಸ್ಸಿನಲ್ಲಿದ್ದದ್ದನ್ನು ನೂರೈವತ್ತು ಜನರ ಮುಂದೆ ಹೀಗೆ ಬಿಚ್ಚಿಡುವುದೆಂದರೇನು? ಎಲ್ಲರೂ ನಾಚಿಕೆಯಿಂದ ಕಾಫಿಯ ಲೋಟದೊಳಗೆ ನೋಡತೊಡಗಿದರು. ಪ್ರೊಫೆಸರ್ ಪೀಟ್ ಶೂ ದಾರ ಬಿಚ್ಚಿ ಮತ್ತೆ ಕಟ್ಟಿದರು. ಆರ್ಡಿಸ್ ಇದ್ದ ಚಮಚಗಳನ್ನೆಲ್ಲ ಮತ್ತೊಮ್ಮೆ ಜೋಡಿಸಿದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಸೂರು ನೋಡಿದೆ.

ಲೊವೆಲ್ ನಿಧಾನವಾಗಿ ಎದ್ದರು. ಉತ್ತರ ಕೊಡಬೇಕಾದದ್ದು ಪದ್ಧತಿ.

“ಈ ಸಲ ಮೀನು ಸಿಗ್ಲಿಲ್ಲ” ಎಂದರು. ಕೇಕಿನ ಚಾಕುವನ್ನು ನೇರಮಾಡಿ ಇಟ್ಟು, “ಬೇಜಾರಾಯ್ತು. ಆ ಗುಡಿಸಲಲ್ಲಿ ಇಬ್ರು ಕೂರ್ಬಹುದು” ಎಂದರು.

“ಇಬ್ರೂ ಹೋಗಿ” ಎಂದರು ವರ್ನಾ ತಟ್ಟನೆ. “ವಸಂತ ಬಂದ್ಮೇಲೆ ಬನ್ನಿ.”

ಡೆಲ್ಬರ್ಟ್ ತನ್ನ ಬೂಟುಗಳನ್ನೇ ನೋಡುತ್ತ, “ಅಡ್ಡಿಯಿಲ್ಲ” ಎಂದ. ನಮ್ಮೂರಿನಲ್ಲಿ ಯಾರಾದರೂ ಅದಕ್ಕಿಂತ ಜೋರಾಗಿ ಅತ್ತಿದ್ದನ್ನು ನಾನು ಕಂಡಿಲ್ಲ.